100 ಎಂಬಿಪಿಎಸ್ ಪ್ಲಾನ್ ಇದ್ದರೂ ಕರೆ ಕಡಿಯುವುದೇಕೆ: ನೆಟ್‌ವರ್ಕ್ ದಟ್ಟಣೆ ತಪ್ಪಿಸುವ ಕ್ರಮ

ದಾವಣಗೆರೆಯ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ವಿದ್ಯಾನಗರದಲ್ಲಿ ಪಿಜಿ ನಡೆಸುವವರು, ಮಂಡಿಪೇಟೆಯ ಸಗಟು ಅಂಗಡಿಗಳಲ್ಲಿ ಲೆಕ್ಕ ಬರೆಯುವವರು, ಪಿ.ಜೆ. ಬಡಾವಣೆಯ ಕ್ಲಿನಿಕ್ ಮತ್ತು ಸ್ಕ್ಯಾನಿಂಗ್ ಕೇಂದ್ರಗಳವರು, ಕೋಚಿಂಗ್ ಸೆಂಟರ್‌ಗಳವರು ಎಲ್ಲರೂ ಹೇಳುವುದು ಇಷ್ಟೇ: ಫೈಬರ್ ಹಾಕಿಸಿದ್ದೇವೆ, 100 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡಿದ್ದೇವೆ, ವೇಗ ಪರೀಕ್ಷೆ ಮಾಡಿದರೆ 95 ತೋರಿಸುತ್ತದೆ, ಆದರೂ ಸಂಜೆ ಹೊತ್ತು ವಿಡಿಯೊ ಕರೆ ಕಡಿಯುತ್ತದೆ, ಯುಪಿಐ ಪಾವತಿ ಸುತ್ತುತ್ತಲೇ ಇರುತ್ತದೆ, ಬಿಲ್ಲಿಂಗ್ ತಂತ್ರಾಂಶ ನಿಂತುಬಿಡುತ್ತದೆ, 200ರ ಪ್ಲಾನ್‌ಗೆ ಹೋಗಬೇಕೆ?

ಬಹುಪಾಲು ಸಂದರ್ಭಗಳಲ್ಲಿ ಬೇಕಿಲ್ಲ. ಕೊರತೆ ಇರುವುದು ವೇಗದಲ್ಲಲ್ಲ. ದಾರಿಯ ಇಕ್ಕಟ್ಟಾದ ಜಾಗದಲ್ಲಿ ಮಾಹಿತಿ ಸಾಲುಗಟ್ಟಿ ನಿಲ್ಲುವ ರೀತಿಯಲ್ಲಿ. ಆ ಸಾಲನ್ನು ನಿಮ್ಮ ಹಿಡಿತಕ್ಕೆ ತಂದುಕೊಂಡರೆ ಈಗಿರುವ ಸಂಪರ್ಕದಲ್ಲೇ ಕೆಲಸ ಸುಗಮವಾಗುತ್ತದೆ. ಹತ್ತರಿಂದ ಅರವತ್ತು ಜನ ಬಳಸುವ ಒಂದು ಕಟ್ಟಡದ ನೆಟ್‌ವರ್ಕನ್ನು ಗಮನದಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ. ಮನೆಗೆ ಮಾತ್ರ ಬೇಕಾದವರು 1, 3 ಮತ್ತು 5ನೆಯ ಹಂತಗಳನ್ನು ಅನುಸರಿಸಿದರೆ ಸಾಕು.

ಮೊದಲು ತಿಳಿದಿರಬೇಕಾದದ್ದು

ನೀವು ಕಳುಹಿಸುವ ಕಡತವಾಗಲಿ, ಕರೆಯ ಧ್ವನಿಯಾಗಲಿ ಸಣ್ಣ ಸಣ್ಣ ತುಂಡುಗಳಾಗಿ ಹೋಗುತ್ತದೆ. ಆ ತುಂಡಿಗೆ ಪ್ಯಾಕೆಟ್ ಎಂದು ಹೆಸರು. ಒಂದು ದೊಡ್ಡ ಪ್ಯಾಕೆಟ್ ಎಂದರೆ ಸುಮಾರು 1,500 ಬೈಟ್. ಪ್ಯಾಕೆಟ್ ಹೋಗಿ ಅದರ ಉತ್ತರ ಮರಳಿ ಬರಲು ಹಿಡಿಯುವ ಸಮಯವನ್ನು ವಿಳಂಬ ಎನ್ನುತ್ತೇವೆ. ಅದನ್ನು ಸೆಕೆಂಡಿನ ಸಾವಿರದ ಒಂದು ಭಾಗವಾದ ಮಿಲಿಸೆಕೆಂಡಿನಲ್ಲಿ ಅಳೆಯುತ್ತಾರೆ. ಹೊರಹೋಗುವ ದಾರಿ ಖಾಲಿ ಇಲ್ಲದಿದ್ದಾಗ ಪ್ಯಾಕೆಟ್‌ಗಳನ್ನು ರೂಟರ್ ತನ್ನ ಸ್ಮೃತಿಯಲ್ಲಿ ಕಾಯಿಸುತ್ತದೆ. ಆ ಜಾಗದ ಹೆಸರು ಬಫರ್. ಬರುವ ಪ್ಯಾಕೆಟ್‌ಗಳು ಹೊರಹೋಗುವುದಕ್ಕಿಂತ ಹೆಚ್ಚಾಗಿ ಬಫರ್ ತುಂಬುತ್ತಾ ಹೋಗುವ ಸ್ಥಿತಿಯೇ ದಟ್ಟಣೆ.

ಈ ಸಮಸ್ಯೆ ಇಂಟರ್ನೆಟ್‌ನಷ್ಟೇ ಹಳೆಯದು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಅಲ್ಲಿಂದ ಕೇವಲ 400 ಗಜ ದೂರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಆವರಣಕ್ಕೂ ನಡುವಿನ ಸಂಪರ್ಕದ ವೇಗ ಸೆಕೆಂಡಿಗೆ 32 ಸಾವಿರ ಬಿಟ್‌ನಿಂದ 40 ಬಿಟ್‌ಗೆ ಕುಸಿಯಿತು. ತಂತಿ ಕೆಟ್ಟಿರಲಿಲ್ಲ, ಉತ್ತರ ಬಾರದ ಪ್ಯಾಕೆಟ್‌ಗಳನ್ನು ಗಣಕಗಳು ಮತ್ತೆ ಮತ್ತೆ ಕಳುಹಿಸಿ ದಾರಿಯನ್ನು ತಾವೇ ತುಂಬಿಬಿಟ್ಟಿದ್ದವು. ಇದನ್ನು ಅಧ್ಯಯನ ಮಾಡಿದ ವ್ಯಾನ್ ಜೇಕಬ್‌ಸನ್ 1988ರಲ್ಲಿ ಪ್ರಕಟಿಸಿದ ಪರಿಹಾರ ಇಂದಿಗೂ ಎಲ್ಲ ಗಣಕ, ಮೊಬೈಲ್‌ಗಳ ಒಳಗೆ ಬೇರೆ ಬೇರೆ ರೂಪದಲ್ಲಿ ಕೆಲಸ ಮಾಡುತ್ತಿದೆ. ಅದರ ತಿರುಳು ಇಷ್ಟು: ಕಳುಹಿಸುವ ಗಣಕ ಮೊದಲು ಸ್ವಲ್ಪವೇ ಕಳುಹಿಸಿ, ಉತ್ತರ ಬಂದಂತೆಲ್ಲ ಪ್ರಮಾಣವನ್ನು ಏರಿಸುತ್ತಾ ಹೋಗುತ್ತದೆ, ಒಂದು ಪ್ಯಾಕೆಟ್ ಕಳೆದುಹೋದರೆ ದಟ್ಟಣೆಯಾಗಿದೆ ಎಂದು ತಿಳಿದು ಒಮ್ಮೆಗೇ ಇಳಿಸುತ್ತದೆ, ಮತ್ತೆ ನಿಧಾನವಾಗಿ ಏರಿಸುತ್ತದೆ.

ಇದರಲ್ಲಿ ನಮಗೆ ಮುಖ್ಯವಾದ ಒಂದು ಪರಿಣಾಮವಿದೆ. ಪ್ಯಾಕೆಟ್ ಕಳೆದುಹೋಗುವವರೆಗೆ ಪ್ರಮಾಣ ಏರುತ್ತಲೇ ಇರುವುದರಿಂದ, ಒಬ್ಬನೇ ವ್ಯಕ್ತಿಯ ಒಂದೇ ದೊಡ್ಡ ಡೌನ್‌ಲೋಡ್ ಕೂಡ ಬಫರನ್ನು ಪೂರ್ತಿ ತುಂಬಬಲ್ಲದು. ಎಷ್ಟೇ ದೊಡ್ಡ ಪ್ಲಾನ್ ಹಾಕಿಸಿದರೂ ಇದು ತಪ್ಪುವುದಿಲ್ಲ.

ಬೇಕಾಗುವ ವಸ್ತುಗಳು

ಲ್ಯಾನ್ ಕೇಬಲ್ ಹಾಕಬಹುದಾದ ಒಂದು ಲ್ಯಾಪ್‌ಟಾಪ್, ಚೆನ್ನಾಗಿರುವ ಒಂದು ಕೇಬಲ್, ವೈಫೈ ಚಾನೆಲ್‌ಗಳನ್ನು ತೋರಿಸುವ ಅನಲೈಸರ್ ಆ್ಯಪ್ ಇರುವ ಒಂದು ಆಂಡ್ರಾಯ್ಡ್ ಫೋನ್, ರೂಟರ್‌ನ ಅಡ್ಮಿನ್ ಪಾಸ್‌ವರ್ಡ್ ಮತ್ತು ಬರೆದಿಡಲು ಒಂದು ನೋಟ್‌ಬುಕ್. ಪಾಸ್‌ವರ್ಡ್ ಎಷ್ಟೋ ಕಡೆ ಸಂಪರ್ಕ ಕೊಟ್ಟ ಹುಡುಗರ ಬಳಿಯೇ ಉಳಿದಿರುತ್ತದೆ. ಕೆಲಸ ಆರಂಭಿಸುವ ಮೊದಲೇ ಕೇಳಿ ಪಡೆದುಕೊಳ್ಳಿ. ಏನನ್ನಾದರೂ ಬದಲಿಸುವ ಮುನ್ನ ಈಗಿರುವ ಸೆಟ್ಟಿಂಗ್‌ಗಳ ಪ್ರತಿಯೊಂದು ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, ಅಳೆದು, ಬರೆದು, ಆಮೇಲೆ ಮುಂದಿನದಕ್ಕೆ ಹೋಗಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ.

1. ಸಾಲು ಎಲ್ಲಿ ಬೆಳೆಯುತ್ತಿದೆ ಎಂದು ಅಳೆಯಿರಿ

ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ನೇರವಾಗಿ ರೂಟರ್‌ಗೆ ಜೋಡಿಸಿ, ವೈಫೈ ಆಫ್ ಮಾಡಿ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಇಂಗ್ಲಿಷ್ ಅಕ್ಷರಗಳಲ್ಲಿ ಪಿಂಗ್ ಎಂದು ಟೈಪಿಸಿ, ಜಾಗ ಬಿಟ್ಟು ರೂಟರ್‌ನ ವಿಳಾಸ, ಮತ್ತೆ ಜಾಗ ಬಿಟ್ಟು ಕಿರುಗೆರೆ ಮತ್ತು ಟಿ ಅಕ್ಷರ ಟೈಪಿಸಿ ಎಂಟರ್ ಒತ್ತಿ. ರೂಟರ್‌ನ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1 ಆಗಿರುತ್ತದೆ. ಇನ್ನೊಂದು ಕಿಟಕಿಯಲ್ಲಿ ಇದೇ ಆಜ್ಞೆಯನ್ನು ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ವಿಳಾಸವಾದ 8.8.8.8ಕ್ಕೆ ಕೊಡಿ. ಎರಡೂ ಪ್ರತಿ ಸೆಕೆಂಡಿಗೊಮ್ಮೆ ವಿಳಂಬವನ್ನು ತೋರಿಸುತ್ತಾ ಹೋಗುತ್ತವೆ.

ಈ ಅಳತೆಯನ್ನು ಎರಡು ಬಾರಿ ಮಾಡಬೇಕು: ಯಾರೂ ಬಳಸದ ಬೆಳಗಿನ ಜಾವ ಒಮ್ಮೆ, ಎಲ್ಲರೂ ಬಳಸುವ ಹೊತ್ತಿನಲ್ಲಿ ಒಮ್ಮೆ. ಕೇಬಲ್ ಮೂಲಕ ರೂಟರ್‌ಗೆ ಹೋಗಿಬರಲು ಒಂದೆರಡು ಮಿಲಿಸೆಕೆಂಡ್‌ಗಿಂತ ಹೆಚ್ಚು ಹಿಡಿಯಬಾರದು. ಅದೇ ಏರುತ್ತಿದ್ದರೆ ತೊಂದರೆ ಕಟ್ಟಡದ ಒಳಗಿದೆ. 2ನೆಯ ಹಂತಕ್ಕೆ ಹೋಗಿ. ರೂಟರ್‌ನದು ಸರಿಯಿದ್ದು 8.8.8.8ರದು ಬೆಳಿಗ್ಗೆ 15 ಇದ್ದದ್ದು ಸಂಜೆ 300, 500 ಆಗುತ್ತಿದ್ದರೆ ಹೊರಹೋಗುವ ದಾರಿಯ ಸಾಲು ಬೆಳೆಯುತ್ತಿದೆ. 4 ಮತ್ತು 5ನೆಯ ಹಂತಗಳು ನಿಮಗಾಗಿ ಇವೆ. ಕೇಬಲ್‌ನಲ್ಲಿ ಎರಡೂ ಸರಿಯಿದ್ದು ವೈಫೈನಲ್ಲಿ ಮಾತ್ರ ಏರುಪೇರಾದರೆ 3ನೆಯ ಹಂತ.

ನಮ್ಮ ಊರು ದೂರ, ಸರ್ವರ್‌ಗಳೆಲ್ಲ ಬೆಂಗಳೂರು, ಮುಂಬೈಗಳಲ್ಲಿವೆ, ಅದಕ್ಕೇ ನಿಧಾನ ಎಂಬ ಮಾತು ನಮ್ಮಲ್ಲಿ ಬಹಳ ಚಾಲ್ತಿಯಲ್ಲಿದೆ. ಲೆಕ್ಕ ಹಾಕಿ ನೋಡಿ. ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ 260 ಕಿಲೋಮೀಟರ್ ಎಂದಿಟ್ಟುಕೊಂಡರೂ ಹೋಗಿಬರಲು ಮೂರು ಮಿಲಿಸೆಕೆಂಡ್ ಸಾಕು. ಕೇಬಲ್ ಬಳಸುದಾರಿಯಲ್ಲಿ ಹೋಗಿ ಇದು ನಾಲ್ಕು ಪಟ್ಟಾದರೂ 12 ಮಿಲಿಸೆಕೆಂಡ್. 400 ಮಿಲಿಸೆಕೆಂಡ್ ವಿಳಂಬಕ್ಕೆ ದೂರ ಕಾರಣವಾಗಲಾರದು. ಎಲ್ಲೋ ಪ್ಯಾಕೆಟ್ ನಿಂತು ಕಾಯುತ್ತಿದೆ.

ಎಚ್ಚರಿಕೆ: ವೇಗ ಪರೀಕ್ಷೆಯ ದೊಡ್ಡ ಅಂಕಿಯನ್ನು ಮಾತ್ರ ನೋಡಿ ನಿರ್ಧಾರಕ್ಕೆ ಬರಬೇಡಿ, ಅದು ದಾರಿಯ ಅಗಲವನ್ನು ಹೇಳುತ್ತದೆ, ಕಾಯುವ ಸಮಯವನ್ನಲ್ಲ. ಅಂತೆಯೇ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಮೆಗಾಬಿಟ್. ಕಡತದ ಗಾತ್ರ ಇರುವುದು ಮೆಗಾಬೈಟ್‌ನಲ್ಲಿ, ಒಂದು ಬೈಟ್‌ಗೆ ಎಂಟು ಬಿಟ್. 100 ಎಂಬಿಪಿಎಸ್ ಸಂಪರ್ಕದಲ್ಲಿ ಕಡತ ಸೆಕೆಂಡಿಗೆ ಸುಮಾರು 12 ಮೆಗಾಬೈಟ್‌ನಂತೆ ಇಳಿಯುತ್ತಿದ್ದರೆ ನಿಮಗೆ ಸಿಗಬೇಕಾದದ್ದು ಪೂರ್ತಿ ಸಿಗುತ್ತಿದೆ ಎಂದರ್ಥ.

2. ಕೇಬಲ್ ಮತ್ತು ಸ್ವಿಚ್‌ಗಳನ್ನು ಪರಿಶೀಲಿಸಿ

ಲ್ಯಾನ್ ಕೇಬಲ್‌ನಲ್ಲಿ ನಾಲ್ಕು ಜೊತೆ ತಂತಿಗಳಿರುತ್ತವೆ. 100 ಎಂಬಿಪಿಎಸ್‌ಗೆ ಎರಡು ಜೊತೆ ಸಾಕು, 1 ಗಿಗಾಬಿಟ್‌ಗೆ ನಾಲ್ಕೂ ಬೇಕು. ತುದಿಯ ಕನೆಕ್ಟರ್ ಸರಿಯಾಗಿ ಕ್ರಿಂಪ್ ಆಗದೆ ಒಂದು ಜೊತೆ ಸಡಿಲವಾದರೂ ಸಂಪರ್ಕ ಕಡಿಯದೆ ತಾನಾಗಿ 100ಕ್ಕೆ ಇಳಿದುಬಿಡಬಹುದು, ಯಾರಿಗೂ ಗೊತ್ತಾಗುವುದಿಲ್ಲ. ವಿಂಡೋಸ್‌ನ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಲಿಂಕ್ ಸ್ಪೀಡ್ ಎಷ್ಟಿದೆ ಎಂದು ಪ್ರತಿ ಗಣಕದಲ್ಲೂ ನೋಡಿ. ಮಹಡಿಯಿಂದ ಮಹಡಿಗೆ ಹೋಗುವ ಮುಖ್ಯ ಕೇಬಲ್ ಹೀಗಾಗಿದ್ದರೆ ಇಡೀ ಮಹಡಿ ಅದರಲ್ಲೇ ನುಸುಳಬೇಕಾಗುತ್ತದೆ. ಹೊಸದಾಗಿ ಎಳೆಸುವವರು ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಬಳಸಿ, ಒಂದು ಎಳೆ 100 ಮೀಟರ್ ಮೀರದಂತೆ ನೋಡಿಕೊಳ್ಳಿ.

ಸ್ವಿಚ್ ಎಂದರೆ ಇಲ್ಲಿ ಹಲವು ಲ್ಯಾನ್ ಕೇಬಲ್‌ಗಳನ್ನು ಒಂದೆಡೆ ಸೇರಿಸುವ ಪೆಟ್ಟಿಗೆ. ಸಿಸಿಟಿವಿ ಕ್ಯಾಮೆರಾಗಳ ಸ್ವಿಚ್‌ನ್ನು ವಿಶೇಷವಾಗಿ ಗಮನಿಸಿ. 1080ಪಿ ಗುಣಮಟ್ಟದ ಒಂದು ಕ್ಯಾಮೆರಾ ಎಚ್.264 ವಿಧಾನದಲ್ಲಿ 4 ಎಂಬಿಪಿಎಸ್‌ನಷ್ಟು ತೆಗೆದುಕೊಳ್ಳಬಹುದು. ಹದಿನಾರು ಕ್ಯಾಮೆರಾಗಳಾದರೆ 64 ಎಂಬಿಪಿಎಸ್. ಕ್ಯಾಮೆರಾಗಳೂ ಕಚೇರಿಯ ಗಣಕಗಳೂ 100 ಎಂಬಿಪಿಎಸ್‌ನ ಒಂದೇ ಹಳೆಯ ಸ್ವಿಚ್‌ನಿಂದ ಒಂದೇ ಕೇಬಲ್‌ನಲ್ಲಿ ಹೊರಡುತ್ತಿದ್ದರೆ, ಇಂಟರ್ನೆಟ್‌ಗೆ ಸಂಬಂಧವೇ ಇಲ್ಲದೆ ಒಳಗೇ ದಟ್ಟಣೆಯಾಗುತ್ತದೆ. ರೆಕಾರ್ಡರನ್ನು ಕ್ಯಾಮೆರಾಗಳ ಸ್ವಿಚ್‌ಗೇ ನೇರವಾಗಿ ಜೋಡಿಸಿದರೆ ಆ ಹೊರೆ ಅಲ್ಲಿಯೇ ಉಳಿಯುತ್ತದೆ.

ಅತಿ ಕೆಟ್ಟ ಸಮಸ್ಯೆ ಎಂದರೆ ಲೂಪ್. ಗೋಡೆಯ ಎರಡು ಪಾಯಿಂಟ್‌ಗಳಿಗೆ ಒಂದೇ ಕೇಬಲ್‌ನ ಎರಡು ತುದಿಗಳನ್ನು ಹಾಕಿದರೆ ಅಥವಾ ಎರಡು ಸ್ವಿಚ್‌ಗಳ ನಡುವೆ ಎರಡು ಕೇಬಲ್ ಎಳೆದರೆ ಸುತ್ತುದಾರಿ ಏರ್ಪಡುತ್ತದೆ. ಎಲ್ಲ ಗಣಕಗಳಿಗೂ ಕಳುಹಿಸುವ ಬ್ರಾಡ್‌ಕಾಸ್ಟ್ ಸಂದೇಶಕ್ಕೆ ಈಥರ್ನೆಟ್ ಮಟ್ಟದಲ್ಲಿ ಆಯುಷ್ಯದ ಮಿತಿಯಿಲ್ಲ. ಅದು ಸುತ್ತುತ್ತಾ ಬೆಳೆದು ಕೆಲವೇ ಸೆಕೆಂಡುಗಳಲ್ಲಿ ಇಡೀ ನೆಟ್‌ವರ್ಕನ್ನು ನಿಲ್ಲಿಸುತ್ತದೆ. ಎಲ್ಲ ಸ್ವಿಚ್‌ಗಳ ದೀಪಗಳೂ ಒಟ್ಟಿಗೆ ಎಡೆಬಿಡದೆ ಮಿನುಗುತ್ತಿದ್ದರೆ ಮೊದಲು ಶಂಕಿಸಬೇಕಾದದ್ದು ಇದನ್ನೇ. ರೇಡಿಯಾ ಪರ್ಲ್‌ಮನ್ ರೂಪಿಸಿದ ಸ್ಪ್ಯಾನಿಂಗ್ ಟ್ರೀ ಎಂಬ ವ್ಯವಸ್ಥೆ ಇಂತಹ ಸುತ್ತುದಾರಿಯನ್ನು ತಾನಾಗಿ ಮುಚ್ಚುತ್ತದೆ. ಆದರೆ ಸೆಟ್ಟಿಂಗ್ ಪುಟವೇ ಇಲ್ಲದ ಅಗ್ಗದ ಸ್ವಿಚ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಇಪ್ಪತ್ತಕ್ಕಿಂತ ಹೆಚ್ಚು ಪಾಯಿಂಟ್‌ಗಳಿರುವ ಸಂಸ್ಥೆಗಳು ಸೆಟ್ಟಿಂಗ್ ಪುಟವಿರುವ ಕನಿಷ್ಠ ಒಂದು ಮ್ಯಾನೇಜ್ಡ್ ಸ್ವಿಚ್ ಕೊಳ್ಳುವುದು ಸೂಕ್ತ.

3. ವೈಫೈ: ಗಾಳಿಯಲ್ಲಿ ಒಮ್ಮೆಗೆ ಒಬ್ಬರೇ

ಒಂದು ಚಾನೆಲ್‌ನಲ್ಲಿ ಒಂದು ಕ್ಷಣಕ್ಕೆ ಒಂದೇ ಸಾಧನ ಮಾತನಾಡಬಲ್ಲದು; ಉಳಿದವು ಕಾಯುತ್ತವೆ. ಪಕ್ಕದ ಕಟ್ಟಡದ ವೈಫೈ ಅದೇ ಚಾನೆಲ್‌ನಲ್ಲಿದ್ದರೆ ಅದರ ಸಾಧನಗಳಿಗೂ ಸೇರಿಸಿ ಕಾಯಬೇಕು. ಪಿಜಿಗಳು ಗೋಡೆಗೆ ಗೋಡೆ ತಾಗಿ ನಿಂತಿರುವ ಬೀದಿಗಳಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಆಗುತ್ತಿರುವುದು ಇದೇ.

2.4 ಗಿಗಾಹರ್ಟ್ಸ್‌ನ ಚಾನೆಲ್‌ಗಳ ನಡುವಿನ ಅಂತರ 5 ಮೆಗಾಹರ್ಟ್ಸ್, ಆದರೆ ಒಂದು ವೈಫೈ ಬಳಸುವ ಅಗಲ 20 ಮೆಗಾಹರ್ಟ್ಸ್. ಹಾಗಾಗಿ ಒಂದರ ಮೇಲೊಂದು ಬೀಳದಂತೆ ಇರಬಲ್ಲವು 1, 6 ಮತ್ತು 11 ಎಂಬ ಮೂರೇ. ಆ್ಯಪ್‌ನಲ್ಲಿ ನೋಡಿದಾಗ 3 ಅಥವಾ 4 ಖಾಲಿ ಕಾಣಿಸಿತೆಂದು ಅಲ್ಲಿಗೆ ಹೋಗಬೇಡಿ. ಅಲ್ಲಿ ನೀವು ಎರಡೂ ಬದಿಯವರಿಗೆ ಗದ್ದಲವಾಗುತ್ತೀರಿ, ಅವರು ನಿಮಗೆ ಗದ್ದಲವಾಗುತ್ತಾರೆ. ಮೂರರಲ್ಲಿ ಹತ್ತಿರದ ಸದ್ದು ಕಡಿಮೆ ಇರುವುದನ್ನು ಆರಿಸಿ, ಅಗಲವನ್ನು 20 ಮೆಗಾಹರ್ಟ್ಸ್‌ಗೆ ನಿಗದಿಪಡಿಸಿ. ಎಷ್ಟೋ ರೂಟರ್‌ಗಳಲ್ಲಿ 40 ಎಂದು ಇಟ್ಟಿರುತ್ತಾರೆ. ಜನನಿಬಿಡ ಬಡಾವಣೆಯಲ್ಲಿ ಅದರಿಂದ ಹಾನಿಯೇ ಹೆಚ್ಚು.

5 ಗಿಗಾಹರ್ಟ್ಸ್ ಬಳಸಬಲ್ಲ ಎಲ್ಲ ಫೋನ್, ಲ್ಯಾಪ್‌ಟಾಪ್‌ಗಳನ್ನೂ ಅಲ್ಲಿಗೆ ಸರಿಸಿ. ಅದು ಗೋಡೆ ದಾಟುವುದು ಕಡಿಮೆ ಎಂಬುದು ಇಂತಹ ಬೀದಿಗಳಲ್ಲಿ ಅನುಕೂಲವೇ ಸರಿ. ದೂರದ ಕೋಣೆಗೆ ಸಂಕೇತ ತಲುಪದಿದ್ದರೆ ರಿಪೀಟರ್ ಕೊಳ್ಳುವ ಬದಲು ಕೇಬಲ್ ಎಳೆದು ಇನ್ನೊಂದು ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಸಂಕೇತ ಕೊಡುವ ಪೆಟ್ಟಿಗೆ, ಹಾಕಿ. ಒಂದೇ ರೇಡಿಯೊ ಇರುವ ರಿಪೀಟರ್ ಪ್ರತಿ ಪ್ಯಾಕೆಟನ್ನೂ ಅದೇ ಚಾನೆಲ್‌ನಲ್ಲಿ ಎರಡು ಸಲ ಹೇಳಬೇಕಾಗುತ್ತದೆ, ಇರುವ ಸಮಯ ಅರ್ಧವಾಗುತ್ತದೆ. ಮೂಲೆಯಲ್ಲಿ ದುರ್ಬಲ ಸಂಕೇತ ಹಿಡಿದು ಕೂತಿರುವ ಒಂದು ಫೋನ್ ನಿಧಾನವಾಗಿ ಮಾತನಾಡುತ್ತಾ ಎಲ್ಲರ ಸಮಯವನ್ನೂ ತಿನ್ನುತ್ತದೆ ಎಂಬುದನ್ನು ಮರೆಯಬೇಡಿ. ಜಾಗ ಬಿಟ್ಟು ಕದಲದ ಗಣಕ, ಟಿವಿ, ಸಿಸಿಟಿವಿ ರೆಕಾರ್ಡರ್, ಪ್ರಿಂಟರ್‌ಗಳಿಗೆ ಕೇಬಲ್ಲೇ ಇರಲಿ.

4. ಭಾರಿ ಬಳಕೆಯನ್ನು ಬಿಡುವಿನ ವೇಳೆಗೆ ಸರಿಸಿ

ಹೆಚ್ಚಿನವರು ಅಪ್‌ಲೋಡ್ ಕಡೆ ನೋಡುವುದೇ ಇಲ್ಲ. ಡೌನ್‌ಲೋಡ್ ಆಗುವಾಗಲೂ ಬಂದು ಮುಟ್ಟಿತು ಎಂಬ ಸ್ವೀಕೃತಿ ಪ್ಯಾಕೆಟ್‌ಗಳು ಮರಳಿ ಹೋಗಬೇಕು. ಸಾಮಾನ್ಯವಾಗಿ ಎರಡು ಪ್ಯಾಕೆಟ್‌ಗೆ ಒಂದರಂತೆ ಹೋದರೂ 100 ಎಂಬಿಪಿಎಸ್ ಇಳಿಸಲು ಸುಮಾರು 2 ಎಂಬಿಪಿಎಸ್ ಏರಿಸಬೇಕಾಗುತ್ತದೆ. ಯಾರದೋ ಫೋನ್ ಮದುವೆಯ ವಿಡಿಯೊಗಳನ್ನು ಕ್ಲೌಡ್‌ಗೆ ಏರಿಸುತ್ತಾ ಅಪ್‌ಲೋಡ್ ದಾರಿಯನ್ನು ತುಂಬಿದರೆ ಈ ಸ್ವೀಕೃತಿಗಳು ತಡವಾಗಿ, ಎಲ್ಲರ ಡೌನ್‌ಲೋಡ್ ಕೂಡ ಕುಸಿಯುತ್ತದೆ.

ರೂಟರ್‌ನ ಬಳಕೆದಾರರ ಪಟ್ಟಿಯಲ್ಲಿ, ಗಣಕಗಳ ಟಾಸ್ಕ್ ಮ್ಯಾನೇಜರ್‌ನಲ್ಲಿ ಯಾರು ಎಷ್ಟು ಬಳಸುತ್ತಿದ್ದಾರೆ ಎಂದು ನೋಡಿ. ವಿಂಡೋಸ್ ಅಪ್‌ಡೇಟ್‌ನ ಡೆಲಿವರಿ ಆಪ್ಟಿಮೈಸೇಶನ್ ಪುಟದಲ್ಲಿ ಡೌನ್‌ಲೋಡ್, ಅಪ್‌ಲೋಡ್ ಎರಡಕ್ಕೂ ಮಿತಿ ಹಾಕಬಹುದು. ಒಂದೇ ಕಚೇರಿಯ ಗಣಕಗಳು ಅಪ್‌ಡೇಟನ್ನು ತಮ್ಮತಮ್ಮೊಳಗೇ ಹಂಚಿಕೊಳ್ಳುವ ಆಯ್ಕೆಯೂ ಅಲ್ಲಿಯೇ ಇದೆ. ಇಪ್ಪತ್ತು ಗಣಕಗಳ ಲ್ಯಾಬ್‌ಗೆ ಇದೊಂದೇ ದೊಡ್ಡ ಉಳಿತಾಯ. ಒನ್‌ಡ್ರೈವ್, ಗೂಗಲ್ ಡ್ರೈವ್‌ಗಳ ಗಣಕ ಆವೃತ್ತಿಗಳಲ್ಲಿ ವೇಗದ ಮಿತಿ ಹಾಕಲು ಅವಕಾಶವಿದೆ. ಟ್ಯಾಲಿ ಬ್ಯಾಕಪ್, ಸ್ಕ್ಯಾನ್ ಚಿತ್ರಗಳ ರವಾನೆ, ಸಿಸಿಟಿವಿಯ ಕ್ಲೌಡ್ ಪ್ರತಿ ಇವುಗಳನ್ನು ರಾತ್ರಿ 11ರಿಂದ ಬೆಳಿಗ್ಗೆ 5ರ ನಡುವೆ ಬೇರೆ ಬೇರೆ ಸಮಯಕ್ಕೆ ಗೊತ್ತುಮಾಡಿ. ತುರ್ತು ಸ್ಕ್ಯಾನ್ ಚಿತ್ರಗಳನ್ನು ಮಾತ್ರ ತಡೆಹಿಡಿಯಬೇಡಿ; ಅವುಗಳಿಗೆ 5ನೆಯ ಹಂತವೇ ಸರಿಯಾದ ಪರಿಹಾರ. ಊರಿನಿಂದಾಚೆ ಮೊಬೈಲ್‌ನಲ್ಲಿ ಕ್ಯಾಮೆರಾ ನೋಡುವವರು ಸಬ್‌ಸ್ಟ್ರೀಮ್ ಎಂಬ ಕಡಿಮೆ ಗಾತ್ರದ ಚಿತ್ರವನ್ನು ಆರಿಸಿಕೊಳ್ಳಲಿ.

ಬೆಸ್ಕಾಂ ವಿದ್ಯುತ್ ಹೋಗಿ ಬಂದ ಮರುಕ್ಷಣದ ನಿಧಾನಗತಿಗೂ ಇದೇ ಕಾರಣ. ಎಲ್ಲ ಗಣಕ, ಕ್ಯಾಮೆರಾ, ಟಿವಿಗಳು ಒಟ್ಟಿಗೆ ಎದ್ದು ಒಟ್ಟಿಗೆ ಸಿಂಕ್ ಮಾಡಲು ತೊಡಗುತ್ತವೆ. ರೂಟರ್, ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ಮತ್ತು ಮುಖ್ಯ ಸ್ವಿಚ್ ಮೂರನ್ನೂ ಯುಪಿಎಸ್‌ಗೆ ಸೇರಿಸಿ. ಒಂದನ್ನು ಬಿಟ್ಟರೂ ಉಳಿದೆರಡಕ್ಕೆ ಕೊಟ್ಟ ಬ್ಯಾಟರಿ ವ್ಯರ್ಥ.

5. ಸಾಲನ್ನು ನಿಮ್ಮ ಹಿಡಿತಕ್ಕೆ ತನ್ನಿ

ಈ ಲೇಖನದಲ್ಲಿ ಒಂದೇ ಒಂದನ್ನು ಮಾಡಲು ನಿಮಗೆ ಸಮಯವಿದ್ದರೆ ಇದನ್ನು ಮಾಡಿ.

ಅಪ್‌ಲೋಡ್ 10 ಎಂಬಿಪಿಎಸ್ ಇರುವ ಸಂಪರ್ಕವೊಂದನ್ನು ತೆಗೆದುಕೊಳ್ಳೋಣ. ಒಎನ್‌ಟಿ ಪೆಟ್ಟಿಗೆಯ ಬಫರ್ 1 ಮೆಗಾಬೈಟ್ ಎಂದರೆ 80 ಲಕ್ಷ ಬಿಟ್. ಸೆಕೆಂಡಿಗೆ 1 ಕೋಟಿ ಬಿಟ್‌ನಂತೆ ಅದು ಖಾಲಿಯಾಗಲು 800 ಮಿಲಿಸೆಕೆಂಡ್ ಬೇಕು. ಒಂದು ದೊಡ್ಡ ಅಪ್‌ಲೋಡ್ ಆ ಬಫರನ್ನು ತುಂಬಿದಾಗ, ಕರೆಯ ಧ್ವನಿ ಹೊತ್ತ ಪುಟ್ಟ ಪ್ಯಾಕೆಟ್ ಕೂಡ ಸಾಲಿನ ಕೊನೆಯಲ್ಲಿ ನಿಂತು ಮುಕ್ಕಾಲು ಸೆಕೆಂಡಿಗೂ ಮೀರಿ ಕಾಯುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ ಮಾತುಕತೆ ಸಹಜವಾಗಿರಲು ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರಬಾರದು. ವೇಗ ಪರೀಕ್ಷೆ 95 ತೋರಿಸುತ್ತಿದ್ದರೂ ಕರೆ ಕಡಿಯುವ ಗುಟ್ಟು ಇಲ್ಲಿದೆ. ಈ ರೋಗಕ್ಕೆ ಬಫರ್‌ಬ್ಲೋಟ್, ಅಂದರೆ ಅತಿಯಾದ ಬಫರ್‌ನಿಂದಾಗುವ ವಿಳಂಬ, ಎಂಬ ಹೆಸರನ್ನು ಸುಮಾರು 2010ರಲ್ಲಿ ಬಳಕೆಗೆ ತಂದವರು ಜಿಮ್ ಗೆಟಿಸ್.

ಭದ್ರಾ ನಾಲೆಯ ಅಚ್ಚುಕಟ್ಟಿನವರಿಗೆ ಇದರ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಭಾಗದಲ್ಲಿ ಪಂಪ್‌ಸೆಟ್ ಹಚ್ಚಿ ಎಳೆಯುವವರು ಇರುವವರೆಗೆ ಜಲಾಶಯದಿಂದ ಎಷ್ಟು ನೀರು ಬಿಟ್ಟರೂ ಕೊನೆಭಾಗದ ಗದ್ದೆಗೆ ತಲುಪುವುದಿಲ್ಲ. ಸರದಿ ಕಟ್ಟುನಿಟ್ಟಾದರೆ ಅದೇ ನೀರು ಎಲ್ಲರಿಗೂ ಮುಟ್ಟುತ್ತದೆ. ರೂಟರ್‌ನಲ್ಲಿಯೂ ಮಾಡಬೇಕಾದದ್ದು ಸರದಿಯ ವ್ಯವಸ್ಥೆ.

ಆ ವ್ಯವಸ್ಥೆ ಸಿದ್ಧವಾಗಿ ಸಿಗುತ್ತದೆ. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್‌ಸನ್ ಪ್ರಕಟಿಸಿದ ಕೋಡೆಲ್ ಎಂಬ ವಿಧಾನ, ಸಾಲು ಎಷ್ಟು ಉದ್ದವಿದೆ ಎಂಬುದಕ್ಕಿಂತ ಪ್ಯಾಕೆಟ್ ಎಷ್ಟು ಹೊತ್ತು ಕಾಯಿತು ಎಂಬುದನ್ನು ಗಮನಿಸುತ್ತದೆ. ಕಾಯುವಿಕೆ ಸತತ 100 ಮಿಲಿಸೆಕೆಂಡ್‌ಗಳ ಕಾಲ 5 ಮಿಲಿಸೆಕೆಂಡ್‌ಗಿಂತ ಮೇಲೆಯೇ ಉಳಿದರೆ ಅಲ್ಲೊಂದು ಇಲ್ಲೊಂದು ಪ್ಯಾಕೆಟನ್ನು ಬೇಕೆಂದೇ ಬಿಡುತ್ತದೆ. ಅದನ್ನು ಕಂಡು ಕಳುಹಿಸುವ ಗಣಕ ತಾನಾಗಿ ವೇಗ ಇಳಿಸುತ್ತದೆ. ಇದಕ್ಕೆ ಪ್ರತಿ ಸಂಪರ್ಕಕ್ಕೂ, ಅಂದರೆ ಒಂದೊಂದು ಕರೆಗೂ ಡೌನ್‌ಲೋಡ್‌ಗೂ, ಪ್ರತ್ಯೇಕ ಸಾಲು ಮಾಡಿ ಸರದಿಯಂತೆ ಬಿಡುವ ಗುಣವನ್ನು ಸೇರಿಸಿದ್ದು ಎಫ್‌ಕ್ಯೂ-ಕೋಡೆಲ್. ಇನ್ನೂ ಮುಂದುವರಿದ ರೂಪ ಕೇಕ್. ಇವೆರಡೂ ಓಪನ್‌ಡಬ್ಲ್ಯುಆರ್‌ಟಿ ತಂತ್ರಾಂಶವಿರುವ ರೂಟರ್‌ಗಳಲ್ಲಿ ಎಸ್‌ಕ್ಯೂಎಂ ಎಂಬ ಹೆಸರಿನಡಿ, ಮೈಕ್ರೊಟಿಕ್‌ನ ರೂಟರ್‌ಒಎಸ್ 7ನೆಯ ಆವೃತ್ತಿಯಲ್ಲಿ ಕ್ಯೂ ವಿಭಾಗದಡಿ ಸಿಗುತ್ತವೆ. ಸಂಪರ್ಕದೊಂದಿಗೆ ಉಚಿತವಾಗಿ ಬಂದ ಪೆಟ್ಟಿಗೆಗಳಲ್ಲಿ ಇವು ಇರುವುದು ಅಪರೂಪ. ಹಾಗಿದ್ದರೆ ಆ ಪೆಟ್ಟಿಗೆಯನ್ನು ಬ್ರಿಜ್ ಮೋಡ್‌ಗೆ, ಅಂದರೆ ಕೇವಲ ಫೈಬರ್ ಸಂಕೇತವನ್ನು ದಾಟಿಸುವ ಸ್ಥಿತಿಗೆ ಹಾಕಿಸಿ, ಅದರ ಹಿಂದೆ ನಿಮ್ಮದೇ ರೂಟರ್ ಇಡಿ. ದೊಡ್ಡ ಪ್ಲಾನ್‌ಗೆ ವರ್ಷವಿಡೀ ಹೆಚ್ಚುವರಿ ಹಣ ಕಟ್ಟುವ ಬದಲು ಈ ಒಂದು ಬಾರಿಯ ಖರ್ಚು ಎಷ್ಟೋ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ಹೊಂದಿಸುವ ರೀತಿ ಹೀಗೆ. ಮೊದಲು ಎಸ್‌ಕ್ಯೂಎಂ ಆಫ್ ಇರುವಾಗ, ಕೇಬಲ್ ಮೂಲಕ, ದಿನದ ಬೇರೆ ಬೇರೆ ಹೊತ್ತಿನಲ್ಲಿ ಕೆಲವು ಬಾರಿ ವೇಗ ಅಳೆದು ಅತಿ ಕಡಿಮೆ ಬಂದ ಅಂಕಿಯನ್ನು ಬರೆದುಕೊಳ್ಳಿ. ಅಪ್‌ಲೋಡ್ ಮಿತಿಯನ್ನು ಅದರ ಶೇ 90ಕ್ಕೆ, ಡೌನ್‌ಲೋಡ್ ಮಿತಿಯನ್ನು ಶೇ 85ಕ್ಕೆ ಇಡಿ. ಕೇಕ್ ಇದ್ದರೆ ಅದನ್ನು, ಇಲ್ಲವಾದರೆ ಎಫ್‌ಕ್ಯೂ-ಕೋಡೆಲ್ ಆರಿಸಿ. ಈಗ 8.8.8.8ಕ್ಕೆ ಪಿಂಗ್ ನಡೆಯುತ್ತಿರುವಾಗಲೇ ಇನ್ನೊಂದು ಗಣಕದಿಂದ ದೊಡ್ಡ ಕಡತವೊಂದನ್ನು ಏರಿಸಿ, ಬಳಿಕ ಇಳಿಸಿ. ವಿಳಂಬ ಬೆಳಗಿನ ಅಂಕಿಗಿಂತ 20–30 ಮಿಲಿಸೆಕೆಂಡ್‌ಗಿಂತ ಹೆಚ್ಚು ಏರದಿದ್ದರೆ ಹೊಂದಾಣಿಕೆ ಸರಿಯಾಗಿದೆ. ಏರಿದರೆ ಏರಿದ ದಿಕ್ಕಿನ ಮಿತಿಯನ್ನು ಶೇ 5ರಷ್ಟು ಇಳಿಸಿ ಮತ್ತೆ ನೋಡಿ.

ಕೊಂಡ ವೇಗದಲ್ಲಿ ಶೇ 10–15 ಬಿಟ್ಟುಕೊಡುವುದೇಕೆ ಎಂದು ಬಹಳ ಜನ ಆಕ್ಷೇಪಿಸುತ್ತಾರೆ. ನಿಮ್ಮ ರೂಟರ್ ಹೊರಗಿನ ದಾರಿಗಿಂತ ಸ್ವಲ್ಪ ನಿಧಾನವಾಗಿದ್ದರೆ ಮಾತ್ರ ಸಾಲು ನಿಮ್ಮ ರೂಟರ್‌ನಲ್ಲಿ ನಿಲ್ಲುತ್ತದೆ, ನೀವು ಅದನ್ನು ನಿಯಂತ್ರಿಸಬಹುದು. ಮಿತಿಯನ್ನು ಶೇ 100ಕ್ಕೆ ಇಟ್ಟರೆ ಸಾಲು ಸಂಪರ್ಕ ಕೊಟ್ಟ ಸಂಸ್ಥೆಯ ಪೆಟ್ಟಿಗೆಗೆ ಜಾರುತ್ತದೆ, ಇಷ್ಟೆಲ್ಲ ಮಾಡಿದ್ದು ವ್ಯರ್ಥವಾಗುತ್ತದೆ.

ಸಾಮಾನ್ಯವಾಗಿ ಆಗುವ ತಪ್ಪುಗಳು ಇನ್ನೂ ಮೂರು ಇವೆ. ಹಾರ್ಡ್‌ವೇರ್ ಆಫ್‌ಲೋಡ್ ಎಂಬ ಆಯ್ಕೆ ಆನ್ ಇದ್ದರೆ ಪ್ಯಾಕೆಟ್‌ಗಳು ಎಸ್‌ಕ್ಯೂಎಂ ಅನ್ನು ಮುಟ್ಟದೆ ದಾಟಿಹೋಗುತ್ತವೆ. ಅದನ್ನು ಆಫ್ ಮಾಡಬೇಕು. ಆಫ್ ಮಾಡಿದಾಗ ರೂಟರ್‌ನ ಪ್ರೊಸೆಸರ್ ಮೇಲೆ ಹೊರೆ ಬೀಳುವುದರಿಂದ, ಹಳೆಯ ಅಗ್ಗದ ರೂಟರ್ 200–300 ಎಂಬಿಪಿಎಸ್‌ನ ಸಂಪರ್ಕವನ್ನು ನಿಭಾಯಿಸಲಾರದು. ಕೊಳ್ಳುವ ಮುನ್ನ ಇದನ್ನು ವಿಚಾರಿಸಿ. ಮೂರನೆಯದು, 4ಜಿ ಅಥವಾ 5ಜಿ ಮೊಬೈಲ್ ಸಂಪರ್ಕದಲ್ಲಿ ವೇಗ ಗಳಿಗೆಗೊಮ್ಮೆ ಬದಲಾಗುವುದರಿಂದ ಒಂದೇ ಅಂಕಿ ಹೊಂದುವುದಿಲ್ಲ. ಅಲ್ಲಿ ಅತಿ ಕಡಿಮೆ ವೇಗಕ್ಕೇ ಮಿತಿ ಇಡಬೇಕಾಗುತ್ತದೆ.

6. ಒಬ್ಬೊಬ್ಬರಿಗೆ ಸಮಪಾಲು, ಕರೆಗೆ ಆದ್ಯತೆ

ಪಿಜಿ, ಹಾಸ್ಟೆಲ್‌ಗಳವರು ಗಮನಿಸಿ. ಸಂಪರ್ಕಕ್ಕೊಂದು ಪಾಲು ಎಂಬ ನಿಯಮದಲ್ಲಿ ಐವತ್ತು ಸಂಪರ್ಕ ತೆರೆಯುವ ಟೊರೆಂಟ್ ಬಳಕೆದಾರನಿಗೆ ಐವತ್ತು ಪಾಲು, ಒಂದು ಕರೆಯಲ್ಲಿರುವ ವಿದ್ಯಾರ್ಥಿನಿಗೆ ಒಂದು ಪಾಲು ಸಿಗುತ್ತದೆ. ಕೇಕ್‌ನಲ್ಲಿ ಒಳಗಿನ ಸಾಧನವಾರು ಸಮಪಾಲು ಹಂಚುವ ಆಯ್ಕೆಯಿದೆ. ಅದನ್ನು ಆನ್ ಮಾಡುವಾಗ ಎನ್‌ಎಟಿ ಎಂಬ ಆಯ್ಕೆಯನ್ನೂ ಆನ್ ಮಾಡಿ, ಇಲ್ಲದಿದ್ದರೆ ಎಲ್ಲ ಸಾಧನಗಳೂ ಅದಕ್ಕೆ ಒಂದೇ ಆಗಿ ಕಾಣುತ್ತವೆ. ತಲಾ 2 ಎಂಬಿಪಿಎಸ್ ಎಂದು ಗಟ್ಟಿಯಾಗಿ ಮಿತಿ ಹಾಕುವ ರೂಢಿ ಒಳ್ಳೆಯದಲ್ಲ. ಎಲ್ಲರೂ ಊರಿಗೆ ಹೋಗಿ ನಾಲ್ಕೇ ಜನ ಉಳಿದಾಗಲೂ ಅವರು 2ರಲ್ಲೇ ಒದ್ದಾಡುತ್ತಾರೆ, ಉಳಿದ ವೇಗ ಯಾರಿಗೂ ಸಿಗದೆ ಹಾಳಾಗುತ್ತದೆ.

ಐಪಿ ಫೋನ್ ಇರುವ ಕಚೇರಿಗಳಲ್ಲಿ ಧ್ವನಿ ಪ್ಯಾಕೆಟ್‌ಗಳಿಗೆ 46 ಎಂಬ ಆದ್ಯತಾ ಗುರುತು ಹಾಕುವುದು ರೂಢಿ. ಫೋನ್‌ನ ಸೆಟ್ಟಿಂಗ್‌ನಲ್ಲಿ ಅದು ಇದೆಯೇ ಎಂದು ನೋಡಿ. ಒಂದು ಕರೆಗೆ ಸುಮಾರು 90 ಕೆಬಿಪಿಎಸ್ ಸಾಕಾಗುವುದರಿಂದ ಆದ್ಯತೆ ಕೊಟ್ಟರೆ ಇತರರಿಗೆ ನಷ್ಟವಿಲ್ಲ. ಆದರೆ ಮಾಲೀಕರ ಟಿವಿಗೆ, ಮ್ಯಾನೇಜರ್ ಲ್ಯಾಪ್‌ಟಾಪ್‌ಗೆ ಎಂದು ಆದ್ಯತೆ ಹಂಚುತ್ತಾ ಹೋದರೆ ಅದಕ್ಕೆ ಅರ್ಥ ಉಳಿಯುವುದಿಲ್ಲ.

7. ದೊಡ್ಡ ಸಂಸ್ಥೆಗಳಿಗೆ ಮಾತ್ರ: ಭಾಗ ಮಾಡಿ

ನೂರಾರು ಸಾಧನಗಳಿರುವ ಕಾಲೇಜು, ಆಸ್ಪತ್ರೆಗಳಲ್ಲಿ ಕಚೇರಿ, ಸಿಸಿಟಿವಿ, ಅತಿಥಿ ವೈಫೈ ಇವುಗಳನ್ನು ವಿಲ್ಯಾನ್ ಮೂಲಕ ಬೇರ್ಪಡಿಸಿ. ವಿಲ್ಯಾನ್ ಎಂದರೆ ಒಂದೇ ಸ್ವಿಚ್‌ನೊಳಗೆ ಪರಸ್ಪರ ಸೋಕದ ಹಲವು ನೆಟ್‌ವರ್ಕ್‌ಗಳನ್ನು ಮಾಡುವ ವಿಧಾನ. ಬ್ರಾಡ್‌ಕಾಸ್ಟ್ ಸಂದೇಶಗಳು ಆಯಾ ಭಾಗದಲ್ಲೇ ನಿಲ್ಲುತ್ತವೆ, ಒಂದು ಕಡೆಯ ಲೂಪ್‌ನ ಹಾವಳಿ ಇನ್ನೊಂದು ಕಡೆ ಹರಡುವುದೂ ಕಡಿಮೆಯಾಗುತ್ತದೆ.

8. ಹೊರಗಿನ ದಟ್ಟಣೆಯಾದರೆ ಪುರಾವೆಯೊಂದಿಗೆ ದೂರು ಕೊಡಿ

ಇಷ್ಟೆಲ್ಲ ಮಾಡಿದ ಮೇಲೂ, ಒಂದೇ ಒಂದು ಲ್ಯಾಪ್‌ಟಾಪನ್ನು ಕೇಬಲ್‌ನಲ್ಲಿ ಜೋಡಿಸಿ ಉಳಿದೆಲ್ಲವನ್ನೂ ಕಳಚಿದಾಗಲೂ ಪ್ರತಿದಿನ ರಾತ್ರಿ ವೇಗ ಕುಸಿಯುತ್ತಿದ್ದರೆ ದಟ್ಟಣೆ ಸಂಪರ್ಕ ಕೊಟ್ಟ ಸಂಸ್ಥೆಯ ಕಡೆಯದು. ಮನೆಗಳಿಗೆ ಬರುವ ಜಿಪಾನ್ ಬಗೆಯ ಫೈಬರ್‌ನಲ್ಲಿ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್ ಮತ್ತು 1.25 ಗಿಗಾಬಿಟ್ ಅಪ್‌ಲೋಡನ್ನು 32 ಅಥವಾ 64 ಗ್ರಾಹಕರು ಹಂಚಿಕೊಳ್ಳುವುದು ಸಾಮಾನ್ಯ. ಅಲ್ಲಿಂದ ಮುಂದಿನ ದಾರಿಯೂ ಹಂಚಿಕೆಯದೇ.

ದಿನಾಂಕ, ಸಮಯ, ವಿಳಂಬ, ವೇಗ ಇವನ್ನು ಒಂದು ವಾರ ಬರೆದಿಟ್ಟು ದೂರು ಕೇಂದ್ರಕ್ಕೆ ಕೊಡಿ, ಡಾಕೆಟ್ ಸಂಖ್ಯೆಯನ್ನು ತಪ್ಪದೆ ಪಡೆಯಿರಿ. ಪರಿಹಾರ ಸಿಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗುವ ಅವಕಾಶ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳಲ್ಲಿದೆ. ಪ್ಯಾಕೆಟ್ ದಾಟುವ ರೂಟರ್‌ಗಳನ್ನು ಸಾಲಿಗೊಂದರಂತೆ ತೋರಿಸುವ ಟ್ರೇಸ್‌ರೂಟ್ ಎಂಬ ದಾರಿಪಟ್ಟಿಯನ್ನು ಲಗತ್ತಿಸುವವರು ಒಂದು ವಿಷಯ ತಿಳಿದಿರಬೇಕು. ನಡುವಿನ ಒಂದು ಸಾಲಿನಲ್ಲಿ ಮಾತ್ರ ವಿಳಂಬ ಹೆಚ್ಚಿದ್ದು ಅಥವಾ ನಕ್ಷತ್ರ ಚಿಹ್ನೆ ಬಂದು ಮುಂದಿನ ಸಾಲುಗಳು ಸರಿಯಿದ್ದರೆ ಅದು ದಟ್ಟಣೆಯಲ್ಲ. ಆ ರೂಟರ್ ಇಂತಹ ಪ್ರಶ್ನೆಗಳಿಗೆ ಉತ್ತರಿಸುವುದನ್ನು ಹಿಂದಕ್ಕೆ ಹಾಕಿದೆ ಅಷ್ಟೆ. ಒಂದು ಸಾಲಿನಿಂದ ಕೊನೆಯವರೆಗೂ ವಿಳಂಬ ಏರಿಯೇ ಉಳಿದಿದ್ದರೆ ಮಾತ್ರ ಅದನ್ನು ಎತ್ತಿ ತೋರಿಸಿ.

ಎರಡನೆಯ ಸಂಪರ್ಕ ತೆಗೆದುಕೊಳ್ಳುವವರು ಅದು ಬೇರೆ ದಾರಿಯಿಂದ ಬರುತ್ತದೆಯೇ ಎಂದು ಕೇಳಿ. ಎರಡೂ ಕೇಬಲ್ ಒಂದೇ ಕಂಬದ ಮೇಲೆ ಬಂದಿದ್ದರೆ ರಸ್ತೆ ಅಗೆತಕ್ಕೋ ಮರ ಬಿದ್ದದ್ದಕ್ಕೋ ಎರಡೂ ಒಟ್ಟಿಗೆ ಹೋಗುತ್ತವೆ. ಎರಡು ಸಂಪರ್ಕವಿದ್ದ ಮಾತ್ರಕ್ಕೆ ಒಂದು ಡೌನ್‌ಲೋಡ್‌ನ ವೇಗ ಇಮ್ಮಡಿಯಾಗುವುದೂ ಇಲ್ಲ. ರೂಟರ್ ಬಳಕೆದಾರರನ್ನು ಎರಡಕ್ಕೂ ಹಂಚುತ್ತದೆ.

ಪ್ಲಾನ್ ದೊಡ್ಡದು ಮಾಡಬೇಕಾದ ಸಂದರ್ಭವೂ ಇದೆ: ಎಸ್‌ಕ್ಯೂಎಂ ಸರಿಯಾಗಿ ಕೆಲಸ ಮಾಡುತ್ತಿರುವಾಗ, ಕೆಲಸದ ವೇಳೆಯಲ್ಲಿ ಗಂಟೆಗಟ್ಟಲೆ ಬಳಕೆ ಮಿತಿಗೆ ತಾಗಿಯೇ ನಿಂತಿದ್ದರೆ. ಹಾಗೆ ಹೆಚ್ಚಿಸಿದ ದಿನವೇ ರೂಟರ್‌ಗೆ ಹೋಗಿ ಎಸ್‌ಕ್ಯೂಎಂನ ಎರಡೂ ಮಿತಿಗಳನ್ನು ಹೊಸ ಅಳತೆಯಂತೆ ಬದಲಿಸಿ. ಹಳೆಯ ಅಂಕಿ ಹಾಗೇ ಉಳಿದರೆ ಹೊಸ ಪ್ಲಾನ್‌ನ ವೇಗ ಒಳಗೆ ಬರುವುದೇ ಇಲ್ಲ.